ಕಿಲೋಮೀಟರ್ ಬಿಡಿ, ಮಳೆ ನೋಡಿ

ಬೈಕಿನ ಜೊತೆ ಕೊಡುವ ಕೈಪಿಡಿಯಲ್ಲಿ ಚೈನಿಗೆ ಇಷ್ಟು ಕಿಲೋಮೀಟರಿಗೊಮ್ಮೆ ಎಣ್ಣೆ, ಎಂಜಿನ್ ಆಯಿಲ್ ಇಷ್ಟಕ್ಕೊಮ್ಮೆ ಬದಲು ಎಂದು ಪಟ್ಟಿ ಇರುತ್ತದೆ. ಬಯಲುಸೀಮೆಗೆ ಅದು ಸರಿ. ಮೂಡಿಗೆರೆ, ಕಳಸ, ಬಾಳೆಹೊನ್ನೂರಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಲೆಕ್ಕ ನಡೆಯುವುದಿಲ್ಲ. ತೋಟದಿಂದ ಪೇಟೆಗೆ ಹೋಗಿ ಬಂದದ್ದು ಹತ್ತಿಪ್ಪತ್ತು ಕಿಲೋಮೀಟರೇ ಇರಬಹುದು. ಅಷ್ಟರಲ್ಲೇ ಗಾಡಿ ಕೆಂಪು ಕೆಸರಿನಲ್ಲಿ ಮಿಂದು, ರಾತ್ರಿಯಿಡೀ ಥಂಡಿ ಹಿಡಿದ ಶೆಡ್ಡಿನಲ್ಲಿ ನಿಂತಿರುತ್ತದೆ.

ಮೊದಲ ಪೆಟ್ಟು ಚೈನಿಗೆ. ಮಳೆ ಎಣ್ಣೆಯನ್ನು ತೊಳೆದುಬಿಡುತ್ತದೆ, ಉಳಿದ ಜಿಡ್ಡಿಗೆ ಸಣ್ಣ ಮರಳು ಅಂಟಿಕೊಂಡು ರೋಲರನ್ನು ತಿನ್ನುತ್ತದೆ. ವಾರಕ್ಕೊಮ್ಮೆಯಾದರೂ ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ಗೆ ತಂದು, ಎಂಜಿನ್ ಬಂದ್ ಮಾಡಿ ಕೂರಬೇಕು. ಎಂಜಿನ್ ಓಡುತ್ತಿರುವಾಗ ಗೇರಿನಲ್ಲಿ ಚೈನ್ ತಿರುಗಿಸಿ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಸೀಮೆಎಣ್ಣೆ ಹಚ್ಚಿದ ಬ್ರಶ್‌ನಿಂದ ಉಜ್ಜಿ, ಹಳೇ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಚೈನಿನ ಒಳಮೈಗೆ 90 ನಂಬರ್ ಗೇರ್ ಆಯಿಲ್ ಬಿಡಿ. ಕಾಲು ಗಂಟೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿಬಿಡಿ. ಪೆಟ್ರೋಲ್ ಬೇಡ, ಓ-ರಿಂಗ್ ಇರುವ ಚೈನಿನಲ್ಲಿ ಅದು ರಬ್ಬರನ್ನೇ ಹಾಳು ಮಾಡುತ್ತದೆ.

ಚೈನಿನ ಸಡಿಲು ಸಾಮಾನ್ಯ ಬೈಕುಗಳಲ್ಲಿ 20ರಿಂದ 30 ಮಿಲಿಮೀಟರ್. ನಿಮ್ಮ ಗಾಡಿಗೆ ಎಷ್ಟೆಂಬುದು ಕೈಪಿಡಿಯಲ್ಲಿರುತ್ತದೆ. ಸದ್ದು ಬರುತ್ತದೆಂದು ಚೈನನ್ನು ಬಿಗಿ ಮಾಡಿಸುವ ಚಟ ನಮ್ಮ ಕಡೆ ಜಾಸ್ತಿ. ಹಿಂದೆ ಒಂದು ಮೂಟೆ ಕಟ್ಟಿಕೊಂಡು ಗುಂಡಿಗೆ ಇಳಿದಾಗ ಚೈನ್ ಇನ್ನಷ್ಟು ಎಳೆಯುತ್ತದೆ, ಏಟು ಬೀಳುವುದು ಗೇರ್‌ಬಾಕ್ಸಿನ ಬೇರಿಂಗಿಗೆ. ಸಡಿಲ ಚೈನಿಗಿಂತ ಬಿಗಿ ಚೈನೇ ದುಬಾರಿ ಎಂಬುದು ನನ್ನ ಅಭಿಪ್ರಾಯ.

ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಮತ್ತೊಂದು ಕಾಟ. ಮೈಲುತುತ್ತದ ಚೀಲವನ್ನೋ ಔಷಧಿಯ ಕ್ಯಾನನ್ನೋ ಕ್ಯಾರಿಯರ್‌ಗೆ ಕಟ್ಟಿ ತರುತ್ತೇವೆ. ಅದರಿಂದ ಸೋರುವ ನೀಲಿ ನೀರು ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಅದೇ ದಿನ ಸಂಜೆ ರಿಮ್, ಸ್ಪೋಕ್, ಚೈನಿಗೆ ಧಾರಾಳವಾಗಿ ನೀರು ಹಾಕಿ ತೊಳೆಯದಿದ್ದರೆ ಮುಂದಿನ ಮಳೆಗಾಲಕ್ಕೆ ಹೊಸ ಸ್ಪೋಕ್ ಹಾಕಿಸುವ ಖರ್ಚು ಬರುತ್ತದೆ.

ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕಿನ ಮೇಲೇ ಕೂರಬಾರದು. ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಇರಲಿ, ಕ್ಲಚ್ ಒತ್ತಬೇಡಿ, ಎಂಜಿನ್ನೇ ವೇಗವನ್ನು ಹಿಡಿದುಕೊಳ್ಳುತ್ತದೆ. ಪೆಟ್ರೋಲ್ ಉಳಿಸಲು ಎಂಜಿನ್ ಬಂದ್ ಮಾಡಿ ಜಾರಿಸುವುದು ಶುದ್ಧ ಹುಚ್ಚು. ಹಳ್ಳ ದಾಟಿದ ಮೇಲೆ ಡ್ರಮ್ ಬ್ರೇಕ್ ಕೆಲ ಹೊತ್ತು ಹಿಡಿಯುವುದಿಲ್ಲ. ನಿಧಾನವಾಗಿ ಹೋಗುತ್ತಾ ಹಗುರಾಗಿ ಒತ್ತಿ ಲೈನರ್ ಒಣಗಿಸಿಕೊಳ್ಳಿ.

ಇನ್ನು ಗಾಡಿ ಸ್ಟಾರ್ಟ್ ಆಗದಿದ್ದರೆ? ಮೊದಲು ಕಿಲ್ ಸ್ವಿಚ್ ನೋಡಿ, ನಗಬೇಡಿ. ಹೊಸ ಬೈಕುಗಳಲ್ಲಿ ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ಕೆಸರು ಮೆತ್ತಿದರೂ ಎಂಜಿನ್ ಹಿಡಿಯುವುದಿಲ್ಲ. ಆಮೇಲೆ ಪ್ಲಗ್ ಕ್ಯಾಪ್ ಎಳೆದು, ಒಳಗಿನ ನೀರು ಒರೆಸಿ, ಪೂರ್ತಿ ಒತ್ತಿ ಕೂರಿಸಿ. ಮಳೆಯಲ್ಲಿ ನಿಂತ ಗಾಡಿಗಳಲ್ಲಿ ಬಹಳಷ್ಟು ಇಷ್ಟಕ್ಕೇ ಹೊರಡುತ್ತವೆ. (ರಸ್ತೆಬದಿಯ ಹುಲ್ಲಿನಲ್ಲಿ ಕೂತು ಈ ಕೆಲಸ ಮಾಡಿದರೆ ಇಂಬಳ ಗ್ಯಾರಂಟಿ.) ಅದಕ್ಕೂ ಬಗ್ಗದಿದ್ದರೆ ಪೆಟ್ರೋಲಿನಲ್ಲಿ ನೀರಿರಬಹುದು. ಟ್ಯಾಂಕಿನ ಮುಚ್ಚಳದ ಸುತ್ತ ಬಿದ್ದ ನೀರು ಹೊರಹೋಗಲು ಒಂದು ಸಣ್ಣ ತೂತು ಇರುತ್ತದೆ. ಅದು ಧೂಳಿನಿಂದ ಕಟ್ಟಿದರೆ ನೀರು ಒಳಗೇ ಇಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಅದು ನೀರನ್ನು ಸೆಳೆದುಕೊಳ್ಳುತ್ತದೆ, ನೀರು ಮಿತಿ ಮೀರಿದರೆ ಅದರೊಂದಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಹಳೇ ಕಾರ್ಬುರೇಟರ್ ಗಾಡಿಯಾದರೆ, ಎಂಜಿನ್ ತಣ್ಣಗಿರುವಾಗ ಬೀಡಿ-ಬೆಂಕಿಯಿಂದ ದೂರ ನಿಂತು, ಕಾರ್ಬುರೇಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಬಾಟಲಿಗೆ ಬಿಡಿ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಂತದ್ದು ಕಾಣುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಬೈಕುಗಳು ಹೆಚ್ಚಿನವು ಇಂಜೆಕ್ಷನ್ ಗಾಡಿಗಳು. ಚಾವಿ ತಿರುಗಿಸಿದಾಗ ಟ್ಯಾಂಕಿನೊಳಗೆ ಪಂಪ್ ಒಂದೆರಡು ಸೆಕೆಂಡ್ ಗುಯ್ ಎನ್ನಬೇಕು. ಸದ್ದೇ ಇಲ್ಲವೆಂದರೆ ಫ್ಯೂಸ್, ಬ್ಯಾಟರಿ ಟರ್ಮಿನಲ್ ನೋಡಿ. ತೋಟದ ಶೆಡ್ಡಿನಲ್ಲಿ ಇಲಿ ವೈರ್ ಕಡಿದಿರುವ ಸಂಭವವೂ ಉಂಟು.

ಹಳ್ಳದ ನೀರಿನ ನಡುವೆ ಎಂಜಿನ್ ನಿಂತರೆ ಮಾತ್ರ ಸೆಲ್ಫ್ ಒತ್ತಲೇಬೇಡಿ. ಏರ್ ಫಿಲ್ಟರಿನ ಮೂಲಕ ಸಿಲಿಂಡರಿಗೆ ನೀರು ಹೋಗಿದ್ದರೆ, ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ದಡಕ್ಕೆ ತಳ್ಳಿ, ಆಯಿಲ್ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಎಂಜಿನ್‌ಗೆ ನೀರು ಸೇರಿದೆ, ಜೀಪಿಗೆ ಹಾಕಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.

ಟೈರ್, ಬ್ರೇಕ್ ಶೂ ಬದಲಿಸುವುದಿದ್ದರೆ ಮೃಗಶಿರ ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲೇ ಮುಗಿಸಿ. ಸೀಟಿನಡಿ ಪ್ಲಗ್ ಸ್ಪ್ಯಾನರ್, ಒಂದು ಹೊಸ ಪ್ಲಗ್, ಎರಡು ಫ್ಯೂಸ್, ಒಣ ಬಟ್ಟೆ ಇಟ್ಟುಕೊಳ್ಳಿ. ಕಳಸ–ಕುದುರೆಮುಖ ರಸ್ತೆಯಲ್ಲಿ ಗಾಡಿ ನಿಂತರೆ ಮೆಕ್ಯಾನಿಕ್‌ಗೆ ಫೋನ್ ಮಾಡೋಣವೆಂದರೆ ಬಹಳ ಕಡೆ ನೆಟ್‌ವರ್ಕೇ ಸಿಗುವುದಿಲ್ಲ.