ಸೆಟೆದ ಕಾಲು, ಸಣ್ಣ ಮಾತ್ರೆ

ಬೀದರ್, ಜಹೀರಾಬಾದ್ ಕಡೆಯ ರೈಲು ಲಿಂಗಂಪಲ್ಲಿಯಲ್ಲಿ ನಿಂತಾಗ ಇಳಿಯುವವರಲ್ಲಿ ನಿಮ್ಸ್ ಮುಂತಾದ ಆಸ್ಪತ್ರೆಗಳಿಗೆ ಹೊರಟ ನಮ್ಮವರೂ ಇರುತ್ತಾರೆ. ಮೊಣಕೈ ಮಡಿಚಿ ಎದೆಗವಚಿಕೊಂಡು, ಒಂದು ಕಾಲನ್ನು ಅರ್ಧಚಂದ್ರವಾಗಿ ಬೀಸಿ ಇಡುತ್ತ ನಡೆಯುವವರನ್ನು ಕಂಡರೆ "ಲಕ್ವಾ ಹೊಡೆದದ" ಅಂತೇವೆ.

ಲಕ್ವಾ ಹೊಡೆದ ಅಂಗ ಜೋಲು ಬೀಳಬೇಕಲ್ಲ, ಸೆಟೆಯುವುದೇಕೆ? ದೋಷ ಮೂಲತಃ ಸ್ನಾಯುವಿನದಲ್ಲ. ಮೆದುಳಿನಿಂದ ಬೆನ್ನುಹುರಿಗೆ "ಸಾಕು, ಸಡಿಲಿಸು" ಎಂಬ ಅಪ್ಪಣೆ ಸದಾ ಇಳಿಯುತ್ತಿರುತ್ತದೆ. ಆ ದಾರಿ ಕಡಿದರೆ, ಮೊದಲು ಜೋಲುಬಿದ್ದ ಕೈಕಾಲು ದಿನಕಳೆದಂತೆ ಬಿಗಿಯತೊಡಗುತ್ತದೆ, ಎಳೆದಷ್ಟೂ ಎದುರೆಳೆಯುತ್ತದೆ. ಎಣ್ಣೆ ತಿಕ್ಕಿದರೆ ಹೋಗುವ ಬಿಗಿತ ಇದಲ್ಲ.

ಇದಕ್ಕೆ ಬಹಳವಾಗಿ ಬರೆದುಕೊಡುವ ಮದ್ದು ಬ್ಯಾಕ್ಲೊಫೆನ್. 1962ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಹೈನ್ರಿಷ್ ಕೆಬರ್ಲೆ ಇದನ್ನು ತಯಾರಿಸಿದ್ದು ಮೂರ್ಛೆರೋಗಕ್ಕೆಂದು. ಅಲ್ಲಿ ಸೋತಿತು, ಇಲ್ಲಿ ಗೆದ್ದಿತು. ನರಗಳ ಗದ್ದಲ ತಗ್ಗಿಸುವ 'ಗಾಬಾ' ಎಂಬ ರಾಸಾಯನಿಕ ನಮ್ಮೊಳಗೇ ಇದೆ. ಬೆನ್ನುಹುರಿಯಲ್ಲಿ ಅದರ ವೇಷ ಕಟ್ಟಿ ಈ ಮದ್ದು ಕೆಲಸ ಮಾಡುತ್ತದೆ. ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಆರಂಭಿಸಿ ಮೆಲ್ಲಗೆ ಏರಿಸುತ್ತಾರೆ. ಯಾಕೆ ಮೆಲ್ಲಗೆ? ನಿದ್ದೆ, ಬಳಲಿಕೆ ಬರುತ್ತದೆಂಬುದು ಒಂದು. ಇನ್ನೊಂದು, ಎಷ್ಟೋ ಮಂದಿಗೆ ಆ ಸೆಟೆದ ಕಾಲೇ ಊರುಗೋಲು. ಪೂರ್ತಿ ಸಡಿಲವಾದರೆ ನಿಂತಲ್ಲೇ ಕುಸಿದಾರು. "ಜಾಸ್ತಿ ತಗೊಂಡ್ರೆ ಬೇಗ ಗುಣ" ಎಂಬ ಲೆಕ್ಕ ಇಲ್ಲಿ ನಡೆಯದು. ಮೂತ್ರಪಿಂಡ ಕೆಟ್ಟವರಲ್ಲಂತೂ ಮದ್ದು ಮೈಯಲ್ಲೇ ಉಳಿದು ಮಂಪರು ಕವಿಯುತ್ತದೆ.

ಟೈಜಾನಿಡಿನ್ ಇನ್ನೊಂದು. ಬಾಯಿ ಒಣಗಿಸುತ್ತದೆ, ರಕ್ತದೊತ್ತಡ ಇಳಿಸುತ್ತದೆ. ಇದರ ಜೊತೆ ಸಿಪ್ರೊಫ್ಲಾಕ್ಸಸಿನ್ ಕೂಡದು. ಭೇದಿಗೆಂದು ಅಂಗಡಿಯಲ್ಲಿ ಕೇಳಿ ನುಂಗಿಬಿಡುತ್ತೇವಲ್ಲ, ಅದೇ! ಎರಡೂ ಸೇರಿದರೆ ಒತ್ತಡ ಪಾತಾಳಕ್ಕೆ. ಡಯಾಜೆಪಾಮ್ ಹಳೆಯದು, ಚಟ ಹಿಡಿಸೀತು. ಒಂದೇ ಕೈಯೋ ಕಾಲೋ ಬಿಗಿದಿದ್ದರೆ ಬೊಟುಲಿನಂ ಚುಚ್ಚುಮದ್ದು ಉಂಟು. ಸುಮಾರು ಮೂರು ತಿಂಗಳು ಸ್ನಾಯು ಸಡಿಲ, ಬೆಲೆ ಮಾತ್ರ ಬಿಗಿ.

ನನಗೆ ಭಯವಿರುವುದು ಮರುಪ್ರಯಾಣದ ಬಗ್ಗೆ. ತಿಂಗಳ ಮಾತ್ರೆ ಕಟ್ಟಿಸಿಕೊಂಡು ಊರಿಗೆ ಹೋಗುತ್ತಾರೆ. ಮುಗಿಯುತ್ತದೆ. "ಮುಂದಿನ ಸಲ ಹೋದಾಗ ತಂದರಾಯ್ತು ಬಿಡು" ಅಂತ ಕೂತುಬಿಡುತ್ತಾರೆ. ಬಹುದಿನ ತೆಗೆದುಕೊಂಡ ಬ್ಯಾಕ್ಲೊಫೆನ್ ಥಟ್ಟನೆ ನಿಂತರೆ ಕೆಲವೇ ದಿನಗಳಲ್ಲಿ ಬಿಗಿತ ಮೊದಲಿಗಿಂತ ಹೆಚ್ಚಿ, ಇಲ್ಲದ್ದು ಕಣ್ಣಿಗೆ ಕಂಡು, ಫಿಟ್ಸ್ ಕೂಡ ಬರಬಹುದು. ಮನೆಯವರು ದೆವ್ವ ಬಡಿಯಿತೆಂದುಕೊಂಡರೆ ಆಶ್ಚರ್ಯವಿಲ್ಲ. ಆಗ ಬೇಕಾದದ್ದು ಆಸ್ಪತ್ರೆ, ಅದೂ ತಡಮಾಡದೆ. ಮದ್ದು ಬಿಡುವುದೇ ಆದರೂ ವೈದ್ಯರನ್ನು ಕೇಳಿ ಸ್ವಲ್ಪಸ್ವಲ್ಪವೇ ಇಳಿಸಿ ಬಿಡಬೇಕು. ಎಂಟು ದಿನದ ಮಾತ್ರೆ ಉಳಿದಿರುವಾಗಲೇ ಇಲ್ಲಿರುವ ನೆಂಟರಿಗೆ ಫೋನ್ ಮಾಡಲಿ. ಬೀದರ್ ಗಾಡಿಗೆ ಹೋಗುವವರು ನಮ್ಮಲ್ಲಿ ಯಾರಾದರೂ ಇದ್ದೇ ಇರುತ್ತಾರೆ.