ಕೀಲುನೋವಿನವರು ಸಕ್ಕರೆ, ಕೊಬ್ಬಿನ ಕಡೆಗೂ ಗಮನ ಕೊಡಲಿ

ಮಲೆನಾಡಿನ ಕೀಲುನೋವು ಎಂದೊಡನೆ ಹಲವರಿಗೆ ಹಂದಿಗೋಡು ಕಾಯಿಲೆ ನೆನಪಾಗುತ್ತದೆ. 1970ರ ದಶಕದಲ್ಲಿ ಸಾಗರ ತಾಲೂಕಿನ ಹಂದಿಗೋಡು ಗ್ರಾಮದಲ್ಲಿ ಬೆಳಕಿಗೆ ಬಂದ ಇದು ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಂಡುಬಂದಿದೆ. ಅದು ವಂಶಪಾರಂಪರ್ಯವಾಗಿ ಬರುವ ಎಲುಬಿನ ದೋಷ. ಮುಖ್ಯವಾಗಿ ಸೊಂಟದ ಕೀಲುಗಳನ್ನು ಕೆಡಿಸುತ್ತದೆ.

ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳಲ್ಲಿ 'ವಾತ' ಎಂದು ಹೇಳಿಕೊಳ್ಳುವವರ ನೋವೆಲ್ಲ ಒಂದೇ ಅಲ್ಲ. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳು, ಮಣಿಕಟ್ಟು ಊದಿಕೊಂಡು ಬಹಳ ಹೊತ್ತು ಬಿಗಿಯಾಗಿದ್ದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ಇದು ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಈ ರೋಗ ಕೇವಲ ಕೀಲಿಗೆ ಸಂಬಂಧಿಸಿದ್ದಲ್ಲ ಎಂಬುದನ್ನು ನಾವು ತಿಳಿದಿರಬೇಕು. ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ದಾಳಿ ಮಾಡುವುದರಿಂದ ಉಂಟಾಗುವ ಉರಿಯೂತ ಇಡೀ ಶರೀರವನ್ನು ಬಾಧಿಸುತ್ತದೆ. ಇದರಿಂದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದ ಸಕ್ಕರೆ ಏರಬಹುದು, ರಕ್ತನಾಳಗಳೂ ಹಾಳಾಗುತ್ತವೆ. ಇಂಥವರಿಗೆ ಹೃದ್ರೋಗದ ಅಪಾಯ ಇತರರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚೆಂದು ವೈದ್ಯರು ಲೆಕ್ಕ ಹಾಕುತ್ತಾರೆ.

ನೋವಿನಿಂದ ನಡಿಗೆ ಕಡಿಮೆಯಾದಾಗ ಸ್ನಾಯು ಕರಗಿ ಕೊಬ್ಬು ಸೇರುತ್ತದೆ. ತೂಕ ಮೊದಲಿನಷ್ಟೇ ಇರುವುದರಿಂದ ಬದಲಾವಣೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಹೊಟ್ಟೆಯ ಸುತ್ತಳತೆ ನೋಡಿಕೊಳ್ಳಬೇಕು: ಭಾರತೀಯ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ದಾಟಬಾರದು. ಕೊಲೆಸ್ಟ್ರಾಲ್ ವರದಿಯೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ರೋಗ ಜೋರಾಗಿರುವಾಗ ಅದರ ಪ್ರಮಾಣ ಕಡಿಮೆ ತೋರಬಹುದು. ರೋಗ ಹತೋಟಿಗೆ ಬಂದ ಮೇಲೆ ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಸ್ಟೀರಾಯ್ಡ್ ಮಾತ್ರೆ ನೋವನ್ನು ಬೇಗ ತಗ್ಗಿಸುತ್ತದೆ, ಆದರೆ ಸಕ್ಕರೆ, ತೂಕ, ರಕ್ತದೊತ್ತಡಗಳನ್ನು ಏರಿಸುತ್ತದೆ, ಎಲುಬನ್ನು ಸವೆಸುತ್ತದೆ. ಹೆಸರಿಲ್ಲದ 'ವಾತದ ಪುಡಿ'ಗಳಲ್ಲೂ ಸ್ಟೀರಾಯ್ಡ್ ಬೆರೆತಿರುವುದುಂಟು. ಹಾಗೆಂದು ಬಹುಕಾಲದಿಂದ ಸೇವಿಸುತ್ತಿರುವವರು ಒಮ್ಮೆಲೇ ನಿಲ್ಲಿಸುವುದು ಅಪಾಯಕಾರಿ. ವೈದ್ಯರ ಸಲಹೆಯಂತೆ ಹಂತ ಹಂತವಾಗಿ ಇಳಿಸಬೇಕು.

ಸಂಧಿವಾತದ ತಜ್ಞರನ್ನು ಕಾಣಲು ನಮ್ಮವರು ಮಣಿಪಾಲಕ್ಕೋ ಮಂಗಳೂರಿಗೋ ಘಾಟಿ ಇಳಿಯಬೇಕಾಗುತ್ತದೆ. ಆದರೆ ಸಕ್ಕರೆ, ರಕ್ತದೊತ್ತಡದ ತಪಾಸಣೆಗೆ ಅಷ್ಟು ದೂರ ಹೋಗಬೇಕಾಗಿಲ್ಲ. 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿಯೇ ಈ ಸೌಲಭ್ಯವಿದೆ. ಕೀಲಿನ ಔಷಧಿಯನ್ನು ತಪ್ಪದೆ ಸೇವಿಸಿ ಉರಿಯೂತವನ್ನು ಹತೋಟಿಯಲ್ಲಿಡುವುದು ಹೃದಯಕ್ಕೂ ರಕ್ಷಣೆ. ಬೀಡಿ, ಸಿಗರೇಟು ರೋಗವನ್ನು ಉಲ್ಬಣಗೊಳಿಸುತ್ತವೆ. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪನ್ನೂ ಬಿಡಬೇಕು. ನೋವು ತಗ್ಗಿದ ದಿನಗಳಲ್ಲಿ ಅಂಗಳದಲ್ಲಾದರೂ ನಡೆಯಬೇಕು. ಊಟದಲ್ಲಿ ಅನ್ನ ಸ್ವಲ್ಪ ಕಡಿಮೆ ಮಾಡಿ ಕಾಳು, ತರಕಾರಿ, ಮೀನು ಹೆಚ್ಚಿಸಬಹುದು.

ರೋಗಿಗಳ ಮನೆಗೆ ಭೇಟಿ ಕೊಡುವ ಧರ್ಮಭಗಿನಿಯರು, ಗುರಿಕಾರರಲ್ಲಿ ನಮ್ಮ ವಿನಂತಿಯೊಂದಿದೆ. 'ಕೈಕಾಲು ನೋವು ಹೇಗಿದೆ?' ಎಂದು ವಿಚಾರಿಸುವಾಗ, ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷಿಸಿ ಎಷ್ಟು ದಿನವಾಯಿತು ಎಂದೂ ಕೇಳಿ. ವರ್ಷ ಕಳೆದಿದ್ದರೆ ಅವರನ್ನು ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಲು ನೆರವಾಗಿ.