ನಿಮ್ಮ ಸ್ವಭಾವ ಹೇಳಿ, ಧಾರಾವಾಹಿ ಹೇಳುತ್ತೇವೆ

2024ರ ಅಕ್ಟೋಬರಿನಲ್ಲಿ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿದ್ದೆ. ಮೇಪಲ್ ಮರಗಳು ಕೆಂಪಾಗಿ ಎಲೆ ಉದುರಿಸುತ್ತಿದ್ದ ದಿನಗಳು. ಮಗಳು, ಅಳಿಯ ಕೆಲಸಕ್ಕೂ ಮೊಮ್ಮಗಳು ಶಾಲೆಗೂ ಹೊರಟುಹೋದ ಮೇಲೆ ನಿವೃತ್ತನಿಗೆ ಅಲ್ಲಿ ಹಗಲು ಬಹಳ ಉದ್ದ. ಅಂಥದೊಂದು ಬೆಳಿಗ್ಗೆ ಪತ್ರಿಕೆಯೊಂದರ ಪುರವಣಿಯಲ್ಲಿ ಹತ್ತು ಪ್ರಶ್ನೆಗಳ ಪಟ್ಟಿ ಕಣ್ಣಿಗೆ ಬಿತ್ತು. ಉತ್ತರಗಳಿಗೆ ಅಂಕ ಹಾಕಿ ಕೂಡಿದರೆ, ಆ ಶರತ್ಕಾಲದ ಹೊಸ ಧಾರಾವಾಹಿಗಳ ಪೈಕಿ ನಮ್ಮ ವ್ಯಕ್ತಿತ್ವಕ್ಕೆ ಹೊಂದುವುದು ಯಾವುದೆಂದು ತಿಳಿಯುತ್ತದಂತೆ. ನಮ್ಮಲ್ಲಿ ವಧೂವರರ ಜಾತಕ ಕೂಡಿಸುವಂತೆ, ಅಲ್ಲಿ ವೀಕ್ಷಕನಿಗೂ ಟೆಲಿವಿಷನ್ನಿಗೂ ಗಣಕೂಟ!

‘ಶರತ್ಕಾಲದ ಧಾರಾವಾಹಿ’ ಎಂಬ ಮಾತೇ ನಮಗೆ ವಿಚಿತ್ರವೆನಿಸೀತು. ಕನ್ನಡ ವಾಹಿನಿಗಳಲ್ಲಿ ಧಾರಾವಾಹಿಗೆ ಋತುವಿಲ್ಲ. ಅದು ಯಾವ ತಿಂಗಳಲ್ಲಾದರೂ ಹುಟ್ಟಬಹುದು. ವಾರಕ್ಕೆ ಐದಾರು ದಿನ ಬೆಳೆಯುತ್ತದೆ. ಟಿಆರ್‌ಪಿ ಇರುವ ತನಕ ಮುಗಿಯುವುದಿಲ್ಲ. ಅಮೆರಿಕದಲ್ಲಿ ರೇಡಿಯೊ ಕಾಲದಿಂದಲೂ ಬೇರೆಯೇ ಪದ್ಧತಿ. ಬೇಸಿಗೆಯಲ್ಲಿ ಜನ ಮನೆಯ ಹೊರಗಿರುತ್ತಾರೆ. ಸೆಪ್ಟೆಂಬರಿನಲ್ಲಿ ಶಾಲೆಗಳು ತೆರೆದು, ಹೊತ್ತು ಬೇಗ ಮುಳುಗತೊಡಗಿದಾಗ ಒಳಗೆ ಸೇರುತ್ತಾರೆ. ಡೆಟ್ರಾಯಿಟ್‌ನ ಕಾರು ಕಂಪನಿಗಳು ಹೊಸ ಮಾದರಿಗಳನ್ನು ಬಿಡುಗಡೆ ಮಾಡುತ್ತಿದ್ದುದೂ ಅದೇ ಸಮಯಕ್ಕೆ. ಕಾರು ಮಾರಲು ಜಾಹೀರಾತು ಬೇಕು, ಜಾಹೀರಾತಿನ ಮುಂದೆ ಜನರನ್ನು ಕೂರಿಸಲು ಕಥೆ ಬೇಕು. ಹೀಗೆ ಸೆಪ್ಟೆಂಬರಿನಿಂದ ಮೇ ತಿಂಗಳವರೆಗೆ, ಸುಮಾರು 22 ಕಂತುಗಳ ಒಂದು ಹಂಗಾಮು ರೂಢಿಗೆ ಬಂತು. ಮುಂದಿನ ಹಂಗಾಮಿನ ಸರಕನ್ನು ವಾಹಿನಿಗಳು ಮೇ ತಿಂಗಳಲ್ಲಿ ನ್ಯೂಯಾರ್ಕಿಗೆ ಜಾಹೀರಾತುದಾರರನ್ನು ಕರೆಸಿ ತೋರಿಸುತ್ತವೆ. ಒಂದು ಕಂತೂ ಪ್ರಸಾರವಾಗುವ ಮೊದಲೇ ಜಾಹೀರಾತು ಸಮಯದ ದೊಡ್ಡ ಪಾಲು ಮಾರಾಟವಾಗಿರುತ್ತದೆ. ಪೈರು ಹೊಲದಲ್ಲಿರುವಾಗಲೇ ಮುಂಗಡ ಕೊಟ್ಟು ಕೊಳ್ಳುವ ವ್ಯಾಪಾರವನ್ನು ಕಂಡವರಿಗೆ ಇದು ಹೊಸದೇನಲ್ಲ.

ಪ್ರಶ್ನಾವಳಿಗೆ ಬರೋಣ. ಸಮಾರಂಭಗಳಲ್ಲಿ ಮೂಲೆ ಹಿಡಿದು ನಿಲ್ಲುತ್ತೀರೋ, ಎಲ್ಲರನ್ನೂ ಮಾತನಾಡಿಸುತ್ತೀರೋ? ದಾರಿ ತಪ್ಪಿದರೆ ಯಾರನ್ನಾದರೂ ಕೇಳುತ್ತೀರೋ, ನೀವೇ ಹುಡುಕುತ್ತೀರೋ? ಎಲ್ಲವೂ ಈ ಬಗೆಯವು. ಒಗಟು ಬಿಡಿಸುವ ಚಪಲವುಳ್ಳವರಿಗೆ ಎಬಿಸಿ ವಾಹಿನಿಯ ‘ಹೈ ಪೊಟೆನ್ಷಿಯಲ್’. ಪೊಲೀಸ್ ಕಚೇರಿಯ ಕಸ ಗುಡಿಸುವ, ಮೂರು ಮಕ್ಕಳ ತಾಯಿಯೊಬ್ಬಳು ಪತ್ತೇದಾರರನ್ನೇ ಮೀರಿಸುವ ಈ ಕಥೆಯ ಮೂಲ ಫ್ರೆಂಚ್ ಧಾರಾವಾಹಿ. ಅಂತರ್ಮುಖಿಗಳಿಗೆ ಎನ್‌ಬಿಸಿಯ ‘ಬ್ರಿಲಿಯಂಟ್ ಮೈಂಡ್ಸ್’. ಅದರ ನಾಯಕನಿಗೆ ಪ್ರೇರಣೆ ನರರೋಗ ತಜ್ಞ, ಲೇಖಕ ಆಲಿವರ್ ಸ್ಯಾಕ್ಸ್. ಸುಖಪ್ರಿಯರಿಗೆ ವಿಹಾರನೌಕೆಯ ವೈದ್ಯನ ಕಥೆ ‘ಡಾಕ್ಟರ್ ಒಡಿಸ್ಸಿ’. ನನಗೆ ದಕ್ಕಿದ್ದು ಸಿಬಿಎಸ್‌ನ ‘ಮ್ಯಾಟ್‌ಲಾಕ್’: ನ್ಯಾಯನಿಷ್ಠುರರಿಗೆ, ವಿವರಗಳನ್ನು ಬಿಡದವರಿಗೆ ತಕ್ಕದ್ದೆಂಬ ಷರಾ ಬೇರೆ. ಮೂರು ದಶಕ ಕಡತ ನೋಡಿದವನಿಗೆ ಇದಕ್ಕಿಂತ ಒಳ್ಳೆಯ ಪ್ರಶಸ್ತಿ ಪತ್ರ ಎಲ್ಲಿ ಸಿಕ್ಕೀತು? ಸಂಜೆ ಮಗಳಿಗೆ ಹೆಮ್ಮೆಯಿಂದಲೇ ತೋರಿಸಿದೆ.

ಅವಳ ಉದ್ಯೋಗವೇ ಅಂಕಿಸಂಖ್ಯೆಗಳದ್ದು. ‘ಕೊಡಿ ಇಲ್ಲಿ ಅಪ್ಪ’ ಎಂದು ಹಾಳೆ ತೆಗೆದುಕೊಂಡು, ನನ್ನ ಒಂಬತ್ತು ಉತ್ತರಗಳನ್ನು ಹಾಗೆಯೇ ಉಳಿಸಿ, ವಯಸ್ಸಿನ ಪ್ರಶ್ನೆಯೊಂದಕ್ಕೆ ಮಾತ್ರ ‘30ರಿಂದ 40’ ಎಂದು ಗುರುತು ಹಾಕಿ ಪುನಃ ಕೂಡಿದಳು. ಮೊತ್ತ ಬೇರೆಯಾಯಿತು, ನಾನು ವಿಹಾರನೌಕೆ ಹತ್ತಿದ್ದೆ. ‘ನಿಮ್ಮ ಸ್ವಭಾವ ಅಂದರೆ ನಿಮ್ಮ ವಯಸ್ಸು, ಅಷ್ಟೇ’ ಎಂದು ನಕ್ಕಳು. ಆಗ ಆ ಪ್ರಶ್ನೆಯನ್ನು ಮತ್ತೆ ನೋಡಿದೆ. ಕೊನೆಯ ವರ್ಗ ‘55 ಮತ್ತು ಮೇಲ್ಪಟ್ಟವರು’. ಐವತ್ತೈದರವನೂ ತೊಂಬತ್ತರವನೂ ಒಂದೇ ಮನೆಯಲ್ಲಿ.

ಧಾರಾವಾಹಿ ಸರಕು, ವೀಕ್ಷಕ ಗ್ರಾಹಕ ಎಂಬುದು ಮೇಲ್ನೋಟದ ಲೆಕ್ಕ. ಜಾಹೀರಾತಿನ ಹಣದಿಂದ ನಡೆಯುವ ವಾಹಿನಿಯಲ್ಲಿ ಗ್ರಾಹಕ ಜಾಹೀರಾತುದಾರ. ಅವನು ಕೊಳ್ಳುವ ಸರಕು ವೀಕ್ಷಕ. ಕೆನಡಾದ ಅರ್ಥಶಾಸ್ತ್ರಜ್ಞ ಡಲ್ಲಾಸ್ ಸ್ಮೈತ್ ಇದನ್ನು 1977ರಲ್ಲಿಯೇ ವಾದಿಸಿದ್ದರು. ಸರಕೆಂದ ಮೇಲೆ ದರ್ಜೆಗಳಿರಲೇಬೇಕು. ಅಮೆರಿಕದ ಮೂರು ಹಳೆಯ ವಾಹಿನಿಗಳಲ್ಲಿ ದುರ್ಬಲವಾಗಿದ್ದ ಎಬಿಸಿ, ತಲೆಎಣಿಕೆಯಲ್ಲಿ ಇತರರನ್ನು ಗೆಲ್ಲಲಾರದೆ, ತಲೆಗಳೆಲ್ಲ ಸಮಾನವಲ್ಲ, ಯುವ ಸಂಸಾರಸ್ಥರ ತಲೆಗೇ ಬೆಲೆ ಹೆಚ್ಚು ಎಂದು ಪ್ರಚಾರ ಮಾಡಿತು. ಜಾಹೀರಾತುದಾರರು ಒಪ್ಪಿದರು. 18ರಿಂದ 49 ವರ್ಷದವರು ಒಂದನೇ ದರ್ಜೆಯ ಸರಕೆಂಬುದು ಕ್ರಮೇಣ ಉದ್ಯಮದ ನಿಯಮವೇ ಆಗಿಹೋಯಿತು.

1971ರಲ್ಲಿ ಸಿಬಿಎಸ್ ‘ದ ಬೆವರ್ಲಿ ಹಿಲ್‌ಬಿಲ್ಲೀಸ್’, ‘ಗ್ರೀನ್ ಏಕರ್ಸ್’, ‘ಹೀ ಹಾ’ ಮೊದಲಾದವನ್ನು ಒಟ್ಟಿಗೆ ಕೈಬಿಟ್ಟಿತು. ನೋಡುವವರು ಇರಲಿಲ್ಲವೆಂದಲ್ಲ, ಇದ್ದವರು ಹಳ್ಳಿಗರು, ವಯಸ್ಸಾದವರು. ಏಂಜೆಲಾ ಲ್ಯಾನ್ಸ್‌ಬರಿ ನಟಿಸಿದ ‘ಮರ್ಡರ್, ಷಿ ರೋಟ್’ ಭಾನುವಾರ ರಾತ್ರಿಗಳ ವಾಡಿಕೆಯೇ ಆಗಿತ್ತು. 1995ರ ಶರತ್ಕಾಲದಲ್ಲಿ ಅದನ್ನು ಗುರುವಾರಕ್ಕೆ ತಳ್ಳಿ, ಯುವಜನರ ಕಣ್ಮಣಿಯಾಗಿದ್ದ ‘ಫ್ರೆಂಡ್ಸ್’ ಎದುರು ನಿಲ್ಲಿಸಲಾಯಿತು. ಮರುವರ್ಷವೇ ಅದು ಮುಗಿಯಿತು. ವೀಕ್ಷಕರು ತಿರುಗಿಬಿದ್ದದ್ದೂ ಉಂಟು. ಅಣುಸ್ಫೋಟದ ನಂತರ ಕಾನ್ಸಾಸ್‌ನ ಸಣ್ಣ ಊರೊಂದು ಅನ್ನ, ಇಂಧನಗಳಿಗೆ ಪರದಾಡುವ ‘ಜೆರಿಕೊ’ವನ್ನು ಸಿಬಿಎಸ್ 2007ರಲ್ಲಿ ನಿಲ್ಲಿಸಿದಾಗ, ಅಭಿಮಾನಿಗಳು ವಾಹಿನಿಗೆ 20 ಟನ್ನಿಗೂ ಹೆಚ್ಚು ಕಡಲೆಬೀಜ ಕಳಿಸಿ ಪ್ರತಿಭಟಿಸಿದರು. ಕಥೆಯಲ್ಲಿ ಬರುವ ಮಾತೊಂದರ ಮೇಲಿನ ಶ್ಲೇಷೆ ಅದು. ನಮ್ಮ ಬಸವನಗುಡಿ ಪರಿಷೆಯನ್ನು ನೆನಪಿಸುವ ಈ ರಾಶಿಗೆ ಮಣಿದ ವಾಹಿನಿ ಮತ್ತೆ ಏಳು ಕಂತು ಮಾಡಿಸಿ, 2008ರಲ್ಲಿ ಪುನಃ ನಿಲ್ಲಿಸಿತು.

ವರ್ಗೀಕರಣವನ್ನು ಹಳಿಯಲು ನನಗೆಷ್ಟು ಹಕ್ಕಿದೆಯೋ ತಿಳಿಯದು. ಸೇವೆಯುದ್ದಕ್ಕೂ ನಾನು ಮಾಡಿದ್ದೂ ಅದನ್ನೇ. ಆದಾಯದ ಮಿತಿ, ಜಮೀನಿನ ಮಿತಿ, ಕುಟುಂಬದ ವ್ಯಾಖ್ಯೆ. ಬರಗಾಲದ ಒಂದು ವರ್ಷ ಮುದುಕಿಯೊಬ್ಬಳು ಪಡಿತರ ಚೀಟಿಗೆ ಬಂದಿದ್ದಳು. ಗಂಡನ ತಂಗಿಯ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿ, ಅವನ ಮನೆಯಲ್ಲೇ ಇದ್ದವಳು. ಒಲೆ ಮಾತ್ರ ಬೇರೆ. ನಮೂನೆಯ ಯಾವ ಅಂಕಣಕ್ಕೂ ಆಕೆ ಹೊಂದಲಿಲ್ಲ. ‘ಇತರೆ’ ಎಂದು ಬರೆದವನು ನಾನೇ. ‘ಇತರೆ’ಗೆ ಹಂಚಿಕೆ ಇಲ್ಲವೆಂದು ಕಡತ ಹಿಂದಿರುಗಿದಾಗ ಸಹಿ ಹಾಕಿದವನೂ ನಾನೇ. ‘55 ಮತ್ತು ಮೇಲ್ಪಟ್ಟವರು’ ಎಂಬ ಮನೆಯನ್ನು ಕಂಡಾಗ ಆಕೆಯ ಮುಖ ಜ್ಞಾಪಕಕ್ಕೆ ಬಂತು. ಆದರೂ ಒಂದು ವ್ಯತ್ಯಾಸವಿದೆ. ನಮ್ಮ ನಮೂನೆ, ಎಷ್ಟೇ ಒರಟಾಗಿದ್ದರೂ, ‘ಇದು ನಿನ್ನ ವ್ಯಕ್ತಿತ್ವ’ ಎಂದು ಯಾರಿಗೂ ಹೇಳಲಿಲ್ಲ.

ಈ ಸಿಟ್ಟಿನಲ್ಲಿಯೇ ‘ಮ್ಯಾಟ್‌ಲಾಕ್’ ನೋಡಲು ಕುಳಿತೆ. ಮೆಚ್ಚಬಾರದೆಂದು ತೀರ್ಮಾನಿಸಿ ಕುಳಿತವನಿಗೆ ಅದು ಮೆಚ್ಚಿಗೆಯಾದದ್ದು ಮುಜುಗರದ ಸಂಗತಿ. ಇದೇ ಹೆಸರಿನ ಹಳೆಯ ಧಾರಾವಾಹಿ 1986ರಿಂದ 1995ರವರೆಗೆ ನಡೆದು, ಮುದುಕರ ಧಾರಾವಾಹಿ ಎಂದೇ ಗೇಲಿಗೊಳಗಾಗಿತ್ತು. ಹೊಸದು ಆ ಗೇಲಿಯನ್ನೇ ಆಯುಧ ಮಾಡಿಕೊಂಡಿದೆ. ಎಪ್ಪತ್ತು ದಾಟಿದ ಕ್ಯಾಥಿ ಬೇಟ್ಸ್ ಇಲ್ಲಿ ವಕೀಲೆ. ವಯಸ್ಸಾದ ಹೆಂಗಸನ್ನು ಯಾರೂ ಗಮನಿಸುವುದಿಲ್ಲ ಎಂಬುದನ್ನೇ ಬಂಡವಾಳವಾಗಿಸಿಕೊಂಡು ದೊಡ್ಡ ವಕೀಲಿ ಸಂಸ್ಥೆಯೊಳಗೆ ನುಸುಳುತ್ತಾಳೆ. ಮೊದಲ ಕಂತಿನ ಕೊನೆಗೆ ಆಕೆಯ ನಿಜವಾದ ಉದ್ದೇಶ ತಿಳಿಯುತ್ತದೆ: ಮಗಳನ್ನು ಬಲಿ ತೆಗೆದುಕೊಂಡ ಅಫೀಮು ಜಾತಿಯ ನೋವುನಿವಾರಕಗಳ ಬಗ್ಗೆ ದಾಖಲೆ ಬಚ್ಚಿಟ್ಟವರು ಯಾರೆಂದು ಪತ್ತೆಹಚ್ಚುವುದು.

ಔಷಧ ವ್ಯಾಪಾರದ ಪಾಪವನ್ನು ಕುರಿತ ಆ ಕಥೆಯ ನಡುವೆ ನಾನು ನೋಡಿದ ಜಾಹೀರಾತುಗಳಲ್ಲಿ ಬಹುಪಾಲು ಔಷಧಗಳವೇ! ಸಂಧಿವಾತಕ್ಕೊಂದು, ಸಕ್ಕರೆ ಕಾಯಿಲೆಗೊಂದು, ಹೃದಯಕ್ಕೊಂದು. ಮೊಮ್ಮಕ್ಕಳೊಡನೆ ನಗುತ್ತ ತೋಟದಲ್ಲಿ ಓಡಾಡುವ ವೃದ್ಧರು. ಹಿನ್ನೆಲೆಯಲ್ಲಿ ಅಡ್ಡಪರಿಣಾಮಗಳ ಪಟ್ಟಿಯನ್ನು ಅವಸರದಲ್ಲಿ ಓದುವ ಮಧುರ ಧ್ವನಿ. ವೈದ್ಯರ ಚೀಟಿ ಬೇಕಾಗುವ ಔಷಧಗಳನ್ನು ಹೀಗೆ ನೇರವಾಗಿ ಜನರಿಗೆ ಸಾರಲು ಅವಕಾಶವಿರುವ ದೇಶಗಳು ವಿರಳ. ಅಮೆರಿಕ ಅವುಗಳಲ್ಲೊಂದು, 1997ರಲ್ಲಿ ನಿಯಮ ಸಡಿಲಿಸಿದ ಮೇಲೆ ಟೆಲಿವಿಷನ್ನಿನಲ್ಲಿ ಅದು ಹೊಳೆಯಾಗಿ ಹರಿಯಿತು. ಯುವಜನ ಅಂತರ್ಜಾಲದ ಪರದೆಗಳಿಗೆ ವಲಸೆ ಹೋದ ಮೇಲೆ ಹಳೆಯ ವಾಹಿನಿಗಳ ವೀಕ್ಷಕರ ವಯಸ್ಸಿನ ಮಧ್ಯಾಂಕ ಅರವತ್ತನ್ನು ದಾಟಿದೆ. ಒಂದು ಕಾಲಕ್ಕೆ ಗುಡಿಸಿ ಹೊರಹಾಕಿದ್ದ ಮುದುಕರೇ ಈಗ ಮನೆ ನಡೆಸುವವರು. ನಮಗೆ ಬೆಲೆ ಬಂದಿದೆ, ರೋಗಿಗಳಾಗಿ. ‘ಮ್ಯಾಟ್‌ಲಾಕ್’ ಮತ್ತೊಂದು ಹಂಗಾಮಿಗೆ ಉಳಿಯಿತು. ‘ಡಾಕ್ಟರ್ ಒಡಿಸ್ಸಿ’ ಒಂದೇ ಹಂಗಾಮಿಗೆ ಮುಳುಗಿತು.

ನೀಲ್ಸನ್ ಸಂಸ್ಥೆಯ ಲೆಕ್ಕದಂತೆ 2025ರ ಮೇ ತಿಂಗಳಲ್ಲಿ ಅಮೆರಿಕದ ಟೆಲಿವಿಷನ್ ವೀಕ್ಷಣೆಯಲ್ಲಿ ಅಂತರ್ಜಾಲದ ವೇದಿಕೆಗಳ ಪಾಲು ಮೊದಲ ಬಾರಿಗೆ ಉಳಿದ ವಾಹಿನಿಗಳೆಲ್ಲದರ ಒಟ್ಟು ಪಾಲನ್ನು ಮೀರಿತು. ಅಲ್ಲಿ ಶರತ್ಕಾಲವೂ ಇಲ್ಲ, ವಸಂತವೂ ಇಲ್ಲ. ಪ್ರಶ್ನಾವಳಿಯೂ ಬೇಕಿಲ್ಲ. ನಾವು ಎಲ್ಲಿ ನಿಲ್ಲಿಸಿದೆವು, ಯಾವುದನ್ನು ಅರ್ಧಕ್ಕೆ ಬಿಟ್ಟೆವು ಎಂಬುದೇ ಉತ್ತರ. ಅಭಿರುಚಿಯನ್ನು ಶೇ 10ರಷ್ಟು ಹೆಚ್ಚು ನಿಖರವಾಗಿ ಊಹಿಸುವವರಿಗೆ ನೆಟ್‌ಫ್ಲಿಕ್ಸ್ 2006ರಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿ, 2009ರಲ್ಲಿ ಕೊಟ್ಟೂ ಬಿಟ್ಟಿತು. ಪುರವಣಿಯ ಹತ್ತು ಪ್ರಶ್ನೆಗಳ ಬಗ್ಗೆ ನನ್ನ ಸಿಟ್ಟು ಇಳಿದದ್ದು ಇದನ್ನು ಯೋಚಿಸಿದಾಗ. ಅವು ಕಣ್ಣೆದುರಿಗಿದ್ದವು. ಅವಕ್ಕೆ ಸುಳ್ಳು ಹೇಳಬಹುದಿತ್ತು. ಒಂದು ಉತ್ತರ ಬದಲಿಸಿ, ಯಂತ್ರ ಹೇಗೆ ತಿರುಗುತ್ತದೆಂದು ಮಗಳು ತೋರಿಸಿಕೊಟ್ಟಂತೆ ನೋಡಬಹುದಿತ್ತು.

ನಾನಿದ್ದಾಗ ಮಗಳು ತನ್ನ ಖಾತೆಯಲ್ಲಿ ‘ತಾತ’ ಎಂಬ ಹೆಸರಿನಲ್ಲಿ ನನಗೊಂದು ಪ್ರತ್ಯೇಕ ವಿಭಾಗ ಮಾಡಿಕೊಟ್ಟಿದ್ದಳು. ನಾನು ಬೆಂಗಳೂರಿಗೆ ಮರಳಿದ ಮೇಲೆ, ಅಮ್ಮನ ಕಣ್ತಪ್ಪಿಸಲು ಮೊಮ್ಮಗಳು ಅದನ್ನು ಬಳಸತೊಡಗಿದಳಂತೆ. ತಾತನಿಗೆ ಈಗ ಅದು ಕೇಕ್ ಮಾಡುವ ಸ್ಪರ್ಧೆಗಳನ್ನೂ ಡ್ರ್ಯಾಗನ್ ಕಥೆಗಳನ್ನೂ ಬಲವಾಗಿ ಶಿಫಾರಸು ಮಾಡುತ್ತಿದೆ. ‘ಎಲ್ಲ ಅಳಿಸಿಬಿಡಲೇ ಅಪ್ಪ?’ ಎಂದು ಮಗಳು ಫೋನಿನಲ್ಲಿ ಕೇಳಿದಳು. ಬೇಡ, ಹಾಗೆಯೇ ಇರಲಿ ಎಂದೆ.